ಕಲ್ಲಿನ ಸೇತುವೆ, ನೂಲಿನ ಸೇತುವೆ: ಮೋಯಾರ್ ದಂಡೆಯಿಂದ ಒಂದು ಓದು

ಗುಂಡ್ಲುಪೇಟೆ, ಬಂಡೀಪುರಗಳ ಮೂಲಕ ನೀಲಗಿರಿಗೆ ಹೋಗುವ ರಸ್ತೆ ತೆಪ್ಪಕಾಡಿನಲ್ಲಿ ಕವಲೊಡೆಯುತ್ತದೆ. ಒಂದು ಕವಲು ಗೂಡಲೂರಿಗೆ ಹೋದರೆ ಇನ್ನೊಂದು ಮಸಿನಗುಡಿಗೆ ಹೋಗುತ್ತದೆ. ಮಸಿನಗುಡಿಯ ಕವಲು ಹಿಡಿದವರು ಮೋಯಾರ್ ಹೊಳೆಯನ್ನು ದಾಟಬೇಕು. ಬ್ರಿಟಿಷರ ಕಾಲದ ಕಿರಿದಾದ ಸೇತುವೆಯನ್ನು ಈಚೆಗೆ ಕೆಡವಿ ಅಲ್ಲಿ ಹೊಸದನ್ನು ಕಟ್ಟಲಾಗಿದೆ. ಆದರೆ ಊರಿನ ಹೆಸರಿನಲ್ಲಿ ಕೇಳಿಬರುವುದು ಸೇತುವೆಯಲ್ಲ, ತೆಪ್ಪ. ಮುಂದಿನ ಊರಿನ ಹೆಸರಿನಲ್ಲಿರುವುದು ಗುಡಿ. ತೆಪ್ಪ, ಕಾಡು, ಗುಡಿ ಎಂಬ ಮೂರೂ ಮಾತುಗಳು ಕನ್ನಡಕ್ಕೂ ತಮಿಳಿಗೂ ಸಲ್ಲುವಂಥವು. ತಮಿಳು, ಕನ್ನಡ, ಬಡಗ, ಇರುಳ, ಕುರುಂಬ, ಮಲಯಾಳಂ ಮಾತುಗಳು ದಿನನಿತ್ಯ ಒಂದರೊಡನೊಂದು ಹಾಯುವ ಈ ಮೂಲೆಯಲ್ಲಿ ಮಧ್ಯಯುಗದ ಕಲ್ಲಿನ ಸೇತುವೆಯೊಂದನ್ನು ಹುಡುಕಿ ಹೊರಟವರಿಗೆ ಹೊಳೆಯಲ್ಲಿ ಅಂಥದು ಸಿಗುವುದಿಲ್ಲ. ಸಿಗುವ ಸೇತುವೆ ಬಡಗರ ಸಾವಿನ ವಿಧಿಯ ಮಾತಿನಲ್ಲಿದೆ, ಮತ್ತು ಅದು ನೂಲಿನದು.

ಕಲ್ಲಿನ ಸೇತುವೆ ಇರುವುದು ಬಹಳ ಉತ್ತರದಲ್ಲಿ, ಹಂಪೆಗೂ ಆನೆಗೊಂದಿಗೂ ನಡುವೆ ಹರಿಯುವ ತುಂಗಭದ್ರೆಯಲ್ಲಿ. ‘ಬಡಗ’ ಎಂದರೆ ಬಡಗಣದವನು, ಉತ್ತರದಿಂದ ಬಂದವನು. 1565ರಲ್ಲಿ ವಿಜಯನಗರ ಬಿದ್ದ ಬಳಿಕ ದಕ್ಷಿಣ ಮೈಸೂರಿನ ಬಯಲಿನಿಂದ ಗುಂಪು ಗುಂಪಾಗಿ ಬೆಟ್ಟ ಹತ್ತಿದವರು ಈ ಜನ ಎಂಬುದು ಪೌಲ್ ಹಾಕಿಂಗ್ಸ್ 1980ರ ತಮ್ಮ ಬಡಗ ಸಾಮಾಜಿಕ ಚರಿತ್ರೆಯಲ್ಲಿ ಮುಂದಿಟ್ಟ, ಇಂದು ಬಹುಮಟ್ಟಿಗೆ ಒಪ್ಪಿತವಾದ ಚೌಕಟ್ಟು. ಹಾಗಾದರೆ ಈ ಎರಡು ಸೇತುವೆಗಳು ಒಂದೇ ಚರಿತ್ರೆಯ ಎರಡು ತುದಿಗಳಲ್ಲಿವೆ ಎಂದಾಯಿತು. ಎರಡನ್ನೂ ಎದುರುಬದುರಾಗಿಟ್ಟು ಓದಿದಾಗ ಕನ್ನಡ ಸಾಹಿತ್ಯ ದಾಟುವ ಕ್ರಿಯೆಯನ್ನು ಹೇಗೆ ಕಲ್ಪಿಸಿಕೊಂಡಿತು ಎಂಬುದರ ಜೊತೆಗೆ, ಬಡಗ ನುಡಿಯ ಪಠ್ಯವನ್ನು ಕನ್ನಡ ವಿಮರ್ಶೆ ಹೇಗೆ ಓದುತ್ತಿದೆ, ಹೇಗೆ ಓದಬೇಕಾಗಿದೆ ಎಂಬ ಪ್ರಶ್ನೆಯೂ ಎದುರಾಗುತ್ತದೆ.

1. ಕಂಬಗಳು ಉಳಿದವು, ಹಾಡು ಹುಟ್ಟಲಿಲ್ಲ

ಹಂಪೆಯ ವಿಠ್ಠಲ ದೇವಾಲಯದ ಕಡೆಯಿಂದ ಹೊಳೆಗಿಳಿದರೆ ಒರಟಾಗಿ ಕಡೆದ ಗ್ರಾನೈಟ್ ಕಂಬಗಳ ಸಾಲುಗಳು ನೀರಿನಲ್ಲಿ ನಿಂತಿರುವುದು ಕಾಣುತ್ತದೆ. ಮೇಲಿನ ಹಾಸು ಇಲ್ಲ. ಕಂಬ, ಅದರ ಮೇಲೆ ತೊಲೆ, ತೊಲೆಯ ಮೇಲೆ ಚಪ್ಪಡಿ ಎಂಬ ಈ ವಿಧಾನ ದೇವಾಲಯದ ಮಂಟಪವನ್ನು ಕಟ್ಟುವ ವಿಧಾನವೇ. ಅದನ್ನು ಹೊಳೆಯೊಳಕ್ಕೆ ಇಳಿಸಲಾಗಿದೆ, ಅಷ್ಟೆ. ಕಮಾನಿಲ್ಲದ ಈ ರಚನೆಯಲ್ಲಿ ಚಪ್ಪಡಿಯ ಉದ್ದ ಎಷ್ಟೋ ಅಷ್ಟು ಹತ್ತಿರಕ್ಕೆ ಕಂಬಗಳನ್ನು ನಿಲ್ಲಿಸಬೇಕು. ಕಂಬಗಳು ಹತ್ತಿರವಾದಷ್ಟೂ ಪ್ರವಾಹ ತರುವ ಮರ, ಕಸಕಡ್ಡಿಗಳು ಸಿಕ್ಕಿಕೊಂಡು ನೀರಿನ ಒತ್ತಡ ಹೆಚ್ಚುತ್ತದೆ. ಇಷ್ಟಾದರೂ ಈ ವಿಧಾನ ಬಹುಕಾಲ ಬಾಳಿತು. ದಿವಾನ್ ಪೂರ್ಣಯ್ಯನವರ ಆಡಳಿತದಲ್ಲಿ 1804ರಲ್ಲಿ ಶ್ರೀರಂಗಪಟ್ಟಣದ ಕಾವೇರಿಗೆ ಕಟ್ಟಿದ ವೆಲ್ಲೆಸ್ಲಿ ಸೇತುವೆಯೂ, 1830ರ ದಶಕದ ಆರಂಭದ ಹೊತ್ತಿಗೆ ಶಿವನಸಮುದ್ರದಲ್ಲಿ ರಾಮಸ್ವಾಮಿ ಮೊದಲಿಯಾರರು ಕಟ್ಟಿಸಿದ ಸೇತುವೆಗಳೂ ಇದೇ ಕಲ್ಲುಕಂಬದ ಪರಂಪರೆಗೆ ಸೇರಿದವು. ಮಧ್ಯಯುಗದ ತಂತ್ರ ವಸಾಹತು ಕಾಲದವರೆಗೆ ನಡೆದುಬಂತು. ಹೆಸರು ಮಾತ್ರ ಗವರ್ನರ್ ಜನರಲ್‌ನದಾಯಿತು.

ಹಂಪೆಯ ಈ ಕಂಬಗಳ ಸಮೀಪದಲ್ಲಿಯೇ ಪುರಂದರದಾಸರ ಮಂಟಪವಿದೆ. ಮಳೆಗಾಲದಲ್ಲಿ ಹೊಳೆ ಏರಿದಾಗ ಮಂಟಪವೂ ಕಂಬಗಳೂ ಒಂದೇ ನೀರಿನಲ್ಲಿ ಮುಳುಗುತ್ತವೆ. ಸೇತುವೆಗೆ ಇದಕ್ಕಿಂತ ಹತ್ತಿರದ ಸಾಹಿತ್ಯ ಸಂಬಂಧ ಇನ್ನೊಂದು ಬೇಕಿಲ್ಲ ಎನಿಸುವಷ್ಟು ಅವು ಹತ್ತಿರವಾಗಿವೆ. ಆದರೆ ದಾಸ ಸಾಹಿತ್ಯದಲ್ಲಿ ದಾಟುವ ಮಾತು ಬಂದಾಗಲೆಲ್ಲ ಮುಂದೆ ಬರುವವನು ಅಂಬಿಗ. ಸಂಸಾರ ಹೊಳೆಯಾಗುತ್ತದೆ, ದೇಹ ಒಡಕು ದೋಣಿಯಾಗುತ್ತದೆ, ದೇವರು ಹರಿಗೋಲು ನಡೆಸುತ್ತಾನೆ. ದಾಸರಿಗಿಂತ ಮೂರು ನಾಲ್ಕು ಶತಮಾನ ಮೊದಲೇ, ವಚನ ಚಳವಳಿಯಲ್ಲಿ, ಅಂಬಿಗ ತಾನೇ ಮಾತಾಡಿದ್ದ. ಅಂಬಿಗರ ಚೌಡಯ್ಯನ ಹೆಸರಿನಲ್ಲಿಯೇ ಆ ಕಸುಬಿದೆ. ಕಣ್ಣೆದುರಿಗೆ ಕಲ್ಲಿನ ಸೇತುವೆ ಇರುವ ದಂಡೆಯಲ್ಲಿ ಕುಳಿತ ಪರಂಪರೆ ತನ್ನ ರೂಪಕವನ್ನು ಸೇತುವೆಯಿಂದ ಆರಿಸಿಕೊಳ್ಳದೆ ಹರಿಗೋಲಿನಿಂದ ಆರಿಸಿಕೊಂಡಿತು.

ಇದಕ್ಕೆ ಒಂದು ಸರಳವಾದ ಉತ್ತರ ಪ್ರವಾಸಿಯ ಬರಹದಲ್ಲಿ ಸಿಗುತ್ತದೆ. 1520ರ ಸುಮಾರಿಗೆ ವಿಜಯನಗರವನ್ನು ನೋಡಿದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಆನೆಗೊಂದಿಯ ಕಡೆಗೆ ಜನ ಬುಟ್ಟಿಯಂತೆ ದುಂಡಗಿರುವ, ಒಳಗೆ ಬಿದಿರುಬೆತ್ತದ ಹೆಣಿಗೆಯೂ ಹೊರಗೆ ತೊಗಲೂ ಇರುವ ದೋಣಿಗಳಲ್ಲಿ ಹೋಗುತ್ತಿದ್ದುದನ್ನು ವರ್ಣಿಸುತ್ತಾನೆ. ಹದಿನೈದು ಇಪ್ಪತ್ತು ಜನರನ್ನು ಹೊರುವ ಆ ಹರಿಗೋಲುಗಳಲ್ಲಿ ಅಗತ್ಯ ಬಿದ್ದರೆ ಕುದುರೆ, ಎತ್ತುಗಳನ್ನೂ ಸಾಗಿಸಬಹುದಿತ್ತು. ಸಾಮ್ರಾಜ್ಯದ ಏಳಿಗೆಯ ಕಾಲದಲ್ಲಿಯೂ ಸಾಮಾನ್ಯರು ಹೊಳೆ ದಾಟುತ್ತಿದ್ದುದು ತೊಗಲಿನ ಬುಟ್ಟಿಯಲ್ಲಿ. ಹಾಡು ಸಾಮಾನ್ಯರ ಅನುಭವವನ್ನು ಹಿಂಬಾಲಿಸಿತು ಎಂದು ಇಲ್ಲಿಗೆ ಮುಗಿಸಬಹುದು.

ಆದರೆ ಈ ಉತ್ತರ ಪೂರ್ತಿ ಸಾಲದು. ಕನ್ನಡ ಕಾವ್ಯ ಸೇತುವೆಯನ್ನು ಬಲ್ಲದು, ಚೆನ್ನಾಗಿಯೇ ಬಲ್ಲದು. ತೊರವೆ ರಾಮಾಯಣದಂಥ ಕಾವ್ಯಗಳಲ್ಲಿ ಕಪಿಸೇನೆ ಕಡಲಿಗೆ ಕಲ್ಲು ತುಂಬಿದ ಪ್ರಸಂಗವಿದೆ. ಹಂಪೆಯ ಸುತ್ತಣ ನೆಲವೇ ಕಿಷ್ಕಿಂಧೆ ಎಂದು ನಂಬುವ ಜನರಿಗೆ ಸೇತು ಕಟ್ಟಿದವರು ತಮ್ಮ ಊರಿನವರೇ. ಅಲ್ಲಿ ಸೇತುವೆ ಸೇನೆಗಾಗಿ ಇದೆ, ಅರಸನ ಅಪ್ಪಣೆಯಿಂದ ಇದೆ, ಯುದ್ಧದ ಕಡೆಗೆ ಇದೆ. ಶಾಸನಗಳ ಪ್ರಶಸ್ತಿಭಾಗದಲ್ಲಿಯೂ ಸೇತು ಎಂದರೆ ದಕ್ಷಿಣದ ತುತ್ತತುದಿ, ಆಳ್ವಿಕೆಯ ಎಲ್ಲೆಯನ್ನು ಹೇಳುವ ಪದ. ಕನ್ನಡ ಓದುಗ ಮರೆಯಬಾರದ ಇನ್ನೊಂದು ಸಂಗತಿಯೂ ಇದೆ. ನಾಗಚಂದ್ರನಿಗೆ ಹಿನ್ನೆಲೆಯಾಗಿ ನಿಂತ ವಿಮಲಸೂರಿಯ ಜೈನ ರಾಮಕಥೆಯಲ್ಲಿ ಕಲ್ಲಿನ ಸೇತುವೆಯೇ ಇಲ್ಲ. ವಿದ್ಯಾಧರರ ಸೇನೆ ಆಕಾಶಮಾರ್ಗವಾಗಿ ಲಂಕೆಗೆ ಹೋಗುತ್ತದೆ, ‘ಸಮುದ್ರ’ ಎಂಬುದು ಸೋಲಿಸಬೇಕಾದ ಒಬ್ಬ ಅರಸನ ಹೆಸರಾಗುತ್ತದೆ. ಹೀಗೆ ಸೇತುವೆ ಕನ್ನಡದಲ್ಲಿ ಒಪ್ಪಬಹುದಾದ ಅಥವಾ ಬಿಡಬಹುದಾದ ಒಂದು ಕಥಾಘಟಕವಾಗಿತ್ತು. ಅದು ರಾಜ್ಯದ ರೂಪಕವಾಗಿ ನಿಂತಿತು. ದಾಟಿಸುವವನ ಮುಖ ಕಾಣಬೇಕಾದ ಭಕ್ತಿಗೆ ಅದು ಒಗ್ಗಲಿಲ್ಲ. ಸೇತುವೆಗೆ ಮುಖವಿಲ್ಲ, ಅಂಬಿಗನಿಗೆ ಇದೆ. ಅಂಬಿಗನೊಡನೆ ಜಗಳವಾಡಬಹುದು, ಕೂಲಿಯ ಮಾತಾಡಬಹುದು, ಅವನನ್ನು ಬೇಡಿಕೊಳ್ಳಬಹುದು.

ಆದ್ದರಿಂದ ಹಂಪೆಯ ಸೇತುವೆಯ ಸಾಹಿತ್ಯ ಸಂಬಂಧವನ್ನು ಹೇಳುವಾಗ ಅದು ಯಾವ ಕೀರ್ತನೆಯ ಪಕ್ಕದಲ್ಲಿದೆ ಎನ್ನುವುದಕ್ಕಿಂತ, ಕೀರ್ತನೆ ಅದರ ಪಕ್ಕದಲ್ಲಿದ್ದೂ ಅದನ್ನು ಏಕೆ ಬಳಸಲಿಲ್ಲ ಎನ್ನುವುದು ಹೆಚ್ಚು ಫಲ ಕೊಡುವ ಪ್ರಶ್ನೆ.

2. ಮೋಯಾರ್ ಎಂಬ ಎಲ್ಲೆ

ತುಂಗಭದ್ರೆಯಿಂದ ಮೋಯಾರಿಗೆ ಬಂದರೆ ನೆಲದ ಸ್ವಭಾವವೇ ಬದಲಾಗುತ್ತದೆ. ನೀಲಗಿರಿಯ ಮೇಲ್ದಂಡೆಯಲ್ಲಿ ಪೈಕಾರ ಎನಿಸಿಕೊಳ್ಳುವ ನೀರು ಕೆಳಗಿಳಿದು ತೆಪ್ಪಕಾಡು, ಮಸಿನಗುಡಿಗಳ ಬಳಿ ಮೋಯಾರ್ ಆಗಿ ಹರಿದು, ಮುಂದೆ ಆಳವಾದ ಕಮರಿಯೊಳಕ್ಕೆ ಧುಮುಕುತ್ತದೆ. ಇಂದು ಆ ಕಮರಿ ಎರಡು ರಾಜ್ಯಗಳ ಗಡಿ. ಕೊನೆಗೆ ಅದು ಭವಾನಿಯನ್ನು ಸೇರುವಲ್ಲಿ ಭವಾನಿಸಾಗರ ಅಣೆಕಟ್ಟಿನ ನೀರು ನಿಂತಿದೆ; ಆ ನೀರಿನ ತಳದಲ್ಲಿ ಹೊಯ್ಸಳ ದಂಡನಾಯಕರ ಹೆಸರಿನ ಡಣಾಯಕನಕೋಟೆ ಮುಳುಗಿದೆ.

ಈ ಹೊಳೆಯನ್ನು ದಾಟಿದ ಕಥೆಗಳು ಎರಡು ಬಗೆಯವು. ಮೊದಲನೆಯದು ಸೇನೆಯದು. ಚಾಮರಾಜನಗರದ ಬಸದಿಯ 1117ರ ಶಾಸನ ವಿಷ್ಣುವರ್ಧನನ ದಂಡನಾಯಕ ಪುಣಿಸನ ಸಾಧನೆಗಳ ಪಟ್ಟಿಯಲ್ಲಿ ತೋದವರನ್ನು ಹೆದರಿಸಿದ್ದನ್ನೂ ನೀಲಗಿರಿಯನ್ನು ವಶಮಾಡಿಕೊಂಡದ್ದನ್ನೂ ಹೇಳುತ್ತದೆ. ತೋದರ ಹೆಸರು ಮೊದಲು ದಾಖಲಾದದ್ದು ಹೀಗೆ, ಕನ್ನಡದಲ್ಲಿ, ಹೆದರಿಸಲ್ಪಟ್ಟವರಾಗಿ. ಎರಡನೆಯದು ಓಡಿಬಂದವರದು. ತಲೆಮಲೆಯಲ್ಲಿದ್ದ ಏಳು ಮಂದಿ ಅಣ್ಣತಮ್ಮಂದಿರು ತಮ್ಮ ತಂಗಿಯ ಮೇಲೆ ಕಣ್ಣುಹಾಕಿದ ಅರಸನೊಬ್ಬನಿಂದ ಅವಳನ್ನು ಉಳಿಸಿಕೊಂಡು ಓಡಿಬಂದು ಬೇತಲಾಡದ ಬಳಿ ನೆಲೆಸಿದರೆಂದು ಬಡಗರ ಒಂದು ಕಥೆ ಹೇಳುತ್ತದೆ. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಸಂಪುಟಗಳಲ್ಲಿ ಅದರ ಸಂಕ್ಷೇಪವಿದೆ. ನಕ್ಷೆಯ ಮೇಲೆ ಈ ಓಟವನ್ನು ಗುರುತಿಸಿದರೆ ನಡುವೆ ಮೋಯಾರ್ ಬರುತ್ತದೆ. ಓಡುವವರಿಗೆ ಯಾರೂ ಸೇತುವೆ ಕಟ್ಟಿಕೊಡುವುದಿಲ್ಲ. ದಾಟಿದ ಮೇಲೆ ಹೊಳೆಯೇ ಅವರ ಕೋಟೆಯಾಗುತ್ತದೆ. ಸೇತುವೆ ಇಲ್ಲದಿರುವುದೇ ಅವರ ಕ್ಷೇಮ.

ಈ ಹಿನ್ನೆಲೆಯಲ್ಲಿ ಬಡಗರ ವಾಚಿಕ ಪರಂಪರೆಯಲ್ಲಿ ಸೇತುವೆ ಎಲ್ಲಿ ಬರುತ್ತದೆ ಎಂಬುದು ಗಮನಾರ್ಹ. ಬದುಕಿರುವವರ ವಲಸೆಯ ಕಥೆ ಓಟವನ್ನು ಹೇಳುತ್ತದೆ. ಸೇತುವೆ ಬರುವುದು ಸತ್ತವರ ಪ್ರಯಾಣದಲ್ಲಿ.

3. ಪಟ್ಟಿ, ಕರು, ನೂಲು

ಬಡಗರ ಸಾವಿನ ವಿಧಿಯಲ್ಲಿ ಕರುವಿನ ಭಾಗವನ್ನು ಹೊರಗಿನವರು ಬಹಳ ಹಿಂದೆಯೇ ದಾಖಲಿಸಿದ್ದಾರೆ. 1832ರಲ್ಲಿ ಹಾರ್ಕ್‌ನೆಸ್, ಅವನ ಬಳಿಕ ಬಾಸೆಲ್ ಮಿಷನ್ನಿನ ಫ್ರೀಡ್ರಿಶ್ ಮೆಟ್ಸ್, 1871ರ ತನ್ನ ದಕ್ಷಿಣ ಭಾರತದ ಜನಪದ ಗೀತೆಗಳ ಸಂಕಲನದಲ್ಲಿ ಚಾರ್ಲ್ಸ್ ಗೋವರ್, ಆಮೇಲೆ ಥರ್ಸ್ಟನ್ ಇದರ ಅಥವಾ ಇದಕ್ಕೆ ಹೊಂದಿದ ಹಾಡುಗಳ ಬಗ್ಗೆ ಬರೆದರು. ಜೇಮ್ಸ್ ಫ್ರೇಜರ್ ತನ್ನ ಮಹಾಗ್ರಂಥದ ‘ಬಲಿಪಶು’ ಸಂಪುಟದಲ್ಲಿ ಇದನ್ನು ಒಂದು ನಿದರ್ಶನವಾಗಿ ಎತ್ತಿಕೊಂಡ ಮೇಲೆ ಜಗತ್ತಿನ ತುಂಬ ಇದರ ಹೆಸರು ಹರಡಿತು. ಬಡಗ ಸಾಹಿತ್ಯದಲ್ಲಿ ಹೊರಗೆ ಅತಿ ಹೆಚ್ಚು ಪರಿಚಿತವಾದ ಪಠ್ಯ ಇದೇ. ಅತಿ ಹೆಚ್ಚು ತಪ್ಪಾಗಿ ಓದಲಾದ ಪಠ್ಯವೂ ಇದೇ ಎನ್ನಬೇಕಾಗುತ್ತದೆ.

ವಿಧಿಯ ರೂಪ ಹೀಗಿದೆ. ಹಿರಿಯನೊಬ್ಬ ಹೆಣದ ಬಳಿ ನಿಂತು ಪಾಪಗಳನ್ನು ಒಂದೊಂದಾಗಿ ಹೆಸರಿಸುತ್ತಾನೆ. ಪ್ರತಿಯೊಂದಕ್ಕೂ ನೆರೆದವರು ಅದು ಪಾಪವೆಂದು ಒಕ್ಕೊರಲಿನಿಂದ ಓಗೊಡುತ್ತಾರೆ. ಪಟ್ಟಿಯಲ್ಲಿ ಹಾವು ಹಲ್ಲಿಗಳನ್ನು ಕೊಂದದ್ದಿದೆ, ಎಲ್ಲೆಗಲ್ಲನ್ನು ಸರಿಸಿದ್ದಿದೆ, ಹಸಿದವನಿಗೆ ಉಣಿಸದಿದ್ದುದಿದೆ, ಚಳಿಯಲ್ಲಿ ನಡುಗುವವನಿಗೆ ಬೆಂಕಿ ಕೊಡದಿದ್ದುದಿದೆ, ನೆರೆಯವನ ಬೆಳೆ ಕಂಡು ಕರುಬಿದ್ದಿದೆ, ಮಾವನನ್ನು ನೆಲದ ಮೇಲೆ ಮಲಗಿಸಿ ತಾನು ಮಂಚ ಹತ್ತಿದ್ದಿದೆ, ಸೊಸೆಯನ್ನು ಪೀಡಿಸಿದ್ದಿದೆ, ಅಧಿಕಾರಿಗಳ ಬಳಿ ಚಾಡಿ ಹೇಳಿದ್ದಿದೆ, ಕೆರೆಕಟ್ಟೆ ಒಡೆದದ್ದಿದೆ, ಕಾಡಿನಲ್ಲಿ ದಾರಿಹೋಕನಿಗೆ ತಪ್ಪುದಾರಿ ತೋರಿಸಿದ್ದಿದೆ. ಈ ವಿಧಿಯಲ್ಲಿ ಬಿಟ್ಟ ಕರುವನ್ನು ಮತ್ತೆ ದುಡಿಮೆಗೆ ಹಚ್ಚುವುದೂ ಪಾಪವಾಗಿ ಪಟ್ಟಿಯೊಳಗೇ ಬರುತ್ತದೆ. ಪಠ್ಯ ತನ್ನ ವಿಧಿಯನ್ನು ತಾನೇ ಕಾಯ್ದುಕೊಳ್ಳುತ್ತದೆ. ಮನುಷ್ಯ ಮಾಡಬಹುದಾದ ಪಾಪಗಳು ಒಟ್ಟು 1,300 ಎಂಬುದು ಸಂಪ್ರದಾಯದ ಲೆಕ್ಕ. ಅಷ್ಟನ್ನೂ ಸತ್ತವರು ಮಾಡಿದ್ದಾರೆಂದೇ ಇಟ್ಟುಕೊಂಡು ಎಲ್ಲವನ್ನೂ ಬಸವನೆನಿಸಿದ ಕರುವಿನ ಪಾದಕ್ಕೆ ಒಪ್ಪಿಸಲಾಗುತ್ತದೆ. ಆಮೇಲೆ ಮಾತು ಹಾರೈಕೆಗೆ ತಿರುಗುತ್ತದೆ. ಕೇಡಿನ ಬಾಗಿಲು ಮುಚ್ಚಲಿ, ಒಳಿತಿನ ಬಾಗಿಲು ತೆರೆಯಲಿ, ಉರಿಯುವ ಕಂಬ ತಣಿಯಲಿ, ನೂಲಿನ ಸೇತುವೆ ಗಟ್ಟಿಯಾಗಲಿ, ಸತ್ತವರು ಹೊನ್ನಿನ ಕಂಬಕ್ಕೆ ಒರಗುವಂತಾಗಲಿ ಎಂಬ ಅರ್ಥದಲ್ಲಿ ಅದು ಮುಂದುವರಿಯುತ್ತದೆ.

ಮಿಷನರಿಗಳಿಗೆ ಇದು ಪಾಪನಿವೇದನೆಯಂತೆ ಕಂಡಿತು. ಫ್ರೇಜರನಿಗೆ ಕೇಡನ್ನು ಪ್ರಾಣಿಯ ಮೇಲೆ ಹೊರಿಸಿ ಅಟ್ಟುವ ಜಾಗತಿಕ ಪದ್ಧತಿಯ ಒಂದು ಮಾದರಿಯಾಗಿ ಕಂಡಿತು. ಎರಡು ಓದುಗಳೂ ಕರುವಿನಲ್ಲಿಯೇ ನಿಂತುಬಿಡುತ್ತವೆ. ಪಠ್ಯ ಮಾತ್ರ ಕರುವಿನಲ್ಲಿ ನಿಲ್ಲುವುದಿಲ್ಲ, ಸೇತುವೆಯವರೆಗೆ ಹೋಗುತ್ತದೆ. ನಿವೇದನೆ ಎನ್ನುವುದಕ್ಕೆ ಒಂದು ತೊಡಕಿದೆ. ನಿವೇದನೆಯಲ್ಲಿ ಮಾಡಿದವನು ತಾನು ಮಾಡಿದ್ದನ್ನು ಹೇಳುತ್ತಾನೆ. ಇಲ್ಲಿ ಹೇಳುವವನು ಬೇರೊಬ್ಬ, ಹೇಳುವುದು ಮಾಡಿದ್ದನ್ನೂ ಅಲ್ಲ, ಮಾಡಬಹುದಾದ ಎಲ್ಲವನ್ನೂ. ಸತ್ತವರ ಗುಣದೋಷದ ತನಿಖೆ ಇಲ್ಲಿಲ್ಲ. ಒಳ್ಳೆಯವರಿಗೂ ಕೆಟ್ಟವರಿಗೂ ಪಟ್ಟಿ ಒಂದೇ. ಅದನ್ನು ಕೇಳಿಸಿಕೊಳ್ಳುವವರು ಬದುಕಿರುವವರು. ಓಗೊಡುವಾಗ ಎಲ್ಲೆಗಲ್ಲು ಸರಿಸಿದವನೂ ಅದು ಪಾಪವೆಂದು ಎಲ್ಲರೆದುರು ಹೇಳಲೇಬೇಕು. ಹೀಗಾಗಿ ಈ ಪಠ್ಯ ಸತ್ತವರ ಬಗ್ಗೆ ನುಡಿಯುತ್ತಲೇ ಹಟ್ಟಿಯ ಕಾನೂನನ್ನು ಹಟ್ಟಿಯ ಬಾಯಿಂದಲೇ ಮತ್ತೆ ಮತ್ತೆ ಹೇಳಿಸುತ್ತದೆ.

ಪಟ್ಟಿಗೂ ಸೇತುವೆಗೂ ಇರುವ ಸಂಬಂಧವನ್ನು ‘ಸೇತು’ ಎಂಬ ಪದದ ಚರಿತ್ರೆ ಬೆಳಗಿಸುತ್ತದೆ. ಸಂಸ್ಕೃತದಲ್ಲಿ ಆ ಪದ ಕಟ್ಟು ಎಂಬ ಅರ್ಥದ ಧಾತುವಿನಿಂದ ಬಂದದ್ದು. ಅದಕ್ಕೆ ದಾಟುವ ಸೇತುವೆ ಎಂಬ ಅರ್ಥ ಇರುವಂತೆ ನೀರು ತಡೆಯುವ ಕಟ್ಟೆ, ಹೊಲದ ಬದು, ಎಲ್ಲೆ ಎಂಬ ಅರ್ಥಗಳೂ ಇವೆ. ಛಾಂದೋಗ್ಯ ಉಪನಿಷತ್ತಿನ ಎಂಟನೆಯ ಅಧ್ಯಾಯದಲ್ಲಿ ಆತ್ಮವೇ ಲೋಕಗಳು ಒಂದರೊಳಗೊಂದು ಕಲಸಿಹೋಗದಂತೆ ತಡೆದಿರುವ ಸೇತು. ಹಾಗೆ ಬೇರ್ಪಡಿಸುತ್ತಲೇ ಅದು ದಾಟಿಸುತ್ತದೆ. ಈ ಅರ್ಥವ್ಯಾಪ್ತಿಯನ್ನು ಮನಸ್ಸಿನಲ್ಲಿಟ್ಟು ಬಡಗರ ಪಟ್ಟಿಗೆ ಮರಳಿದರೆ, ಎಲ್ಲೆಗಲ್ಲು ಸರಿಸುವುದು, ಕೆರೆಕಟ್ಟೆ ಒಡೆಯುವುದು, ದಾರಿ ತಪ್ಪಿಸುವುದು ಮೂರೂ ಸೇತುವನ್ನು ಮುರಿಯುವ ಪಾಪಗಳೇ ಎಂಬುದು ಕಾಣುತ್ತದೆ. ಬದುಕಿನಲ್ಲಿ ಕಟ್ಟು ಮುರಿದವನಿಗೆ ಸಾವಿನಲ್ಲಿ ಒಂದು ಕಟ್ಟು ಬೇಕಾಗುತ್ತದೆ. ವಿಧಿಯ ಪಠ್ಯ ಸಂಸ್ಕೃತ ಪದಕೋಶವನ್ನು ಅನುಸರಿಸಿ ಹೀಗೆ ರಚಿತವಾಯಿತು ಎಂದು ಇದರ ಅರ್ಥವಲ್ಲ. ನೀರು, ನೆಲ, ದಾರಿಗಳನ್ನು ಹಂಚಿಕೊಂಡು ಬದುಕುವ ಬೇಸಾಯಗಾರ ಸಮುದಾಯ ಕಟ್ಟೆಯನ್ನೂ ಎಲ್ಲೆಯನ್ನೂ ಸೇತುವೆಯನ್ನೂ ಒಂದೇ ನಂಟಿನಲ್ಲಿ ಕಂಡಿತು; ಆ ಪದವೂ ಬೇರೆಡೆ ಅದೇ ಅನುಭವದಿಂದ ಬೆಳೆದಿರಬೇಕು.

4. ಯಾರ ನೂಲು?

ಸತ್ತವರು ದಾಟುವ ಇಕ್ಕಟ್ಟಿನ ಸೇತುವೆ ಜಗತ್ತಿನ ಅನೇಕ ಪರಂಪರೆಗಳಲ್ಲಿದೆ. ಜರತುಷ್ಟ್ರ ಧರ್ಮದ ಚಿನ್ವತ್ ಸೇತುವೆ ಒಳ್ಳೆಯವರಿಗೆ ಅಗಲವಾಗಿ ಕೆಟ್ಟವರಿಗೆ ಕಿರಿದಾಗುತ್ತದೆ. ಇಸ್ಲಾಮಿನ ಸಿರಾತ್ ಕೂದಲಿಗಿಂತ ತೆಳುವು, ಕತ್ತಿಗಿಂತ ಹರಿತ. 12ನೆಯ ಶತಮಾನದ ಮಧ್ಯದಲ್ಲಿ ರೇಗನ್ಸ್‌ಬುರ್ಗ್‌ನಲ್ಲಿ ಐರಿಶ್ ಸಂನ್ಯಾಸಿಯೊಬ್ಬ ಲ್ಯಾಟಿನ್ನಿನಲ್ಲಿ ಬರೆದ ತ್ನುಗ್ದಲನ ದರ್ಶನದಲ್ಲಿ ಮೊಳೆ ಬಡಿದ ಕಿರುಸೇತುವೆಯೊಂದಿದೆ. ಅದರ ಮೇಲೆ ತ್ನುಗ್ದಲ ತಾನು ಕದ್ದಿದ್ದ ಹಸುವನ್ನು ನಡೆಸಿಕೊಂಡು ಹೋಗಬೇಕಾಗುತ್ತದೆ. ಬಡಗರ ವಿಧಿಯೊಡನೆ ಇಡಲು ಇದಕ್ಕಿಂತ ಒಳ್ಳೆಯ ಜೋಡಿ ಸಿಗುವುದು ಕಷ್ಟ. ಅಲ್ಲಿ ಪಾಪಿ ತನ್ನ ಪಾಪವಾದ ಹಸುವನ್ನು ಎಳೆದುಕೊಂಡು ಒಬ್ಬನೇ ಸೇತುವೆ ಹತ್ತುತ್ತಾನೆ. ಇಲ್ಲಿ ಕರು ಪಾಪವನ್ನು ಹೊತ್ತು ಕಾಡಿನ ಕಡೆಗೆ ಹೋಗುತ್ತದೆ. ಸತ್ತವರು ಹಗುರಾಗಿ ನೂಲಿನ ಮೇಲೆ ಕಾಲಿಡುತ್ತಾರೆ. ಗರುಡ ಪುರಾಣದ ವೈತರಣಿಯಲ್ಲಿ ಹಸು ಇದೆ, ಸೇತುವೆ ಇಲ್ಲ; ದಾನ ಕೊಟ್ಟ ಹಸುವೇ ದಾಟಿಸುತ್ತದೆ. ಹಸುವನ್ನೂ ಸೇತುವೆಯನ್ನೂ ಎರಡು ಬೇರೆ ಕೆಲಸಗಳಿಗೆ ಹಚ್ಚಿದ್ದು ಬಡಗ ಪಠ್ಯದ ವಿಶೇಷ.

ತೀರ ಹತ್ತಿರದ ಹೋಲಿಕೆ ಇರುವುದು ನೆರೆಮನೆಯಲ್ಲಿ. ರಿವರ್ಸ್ 1906ರ ತಮ್ಮ ತೋದರ ಅಧ್ಯಯನದಲ್ಲಿ, ಸತ್ತ ತೋದರು ತಮ್ಮ ಪಿತೃಲೋಕಕ್ಕೆ ಹೋಗುವ ದಾರಿಯಲ್ಲಿ ಒಂದು ಹೊಳೆಯನ್ನು ನೂಲಿನ ಸೇತುವೆಯ ಮೇಲೆ ದಾಟುತ್ತಾರೆಂದೂ ತಪ್ಪು ಮಾಡಿದವರು ಕೆಳಗೆ ಬಿದ್ದು ಜಿಗಣೆಗಳಿಂದ ಕಚ್ಚಿಸಿಕೊಳ್ಳುತ್ತಾರೆಂದೂ ದಾಖಲಿಸಿದ್ದಾರೆ. ಅಲ್ಲಿಯೂ ಶಿಕ್ಷೆ ಶಾಶ್ವತವಲ್ಲ. ಕೆಲಕಾಲದ ಬಳಿಕ ಬಿದ್ದವರೂ ಮುಂದೆ ಸಾಗುತ್ತಾರೆ. ಹೊಳೆಯಲ್ಲಿ ಮೊಸಳೆಯಿಲ್ಲ, ಬೆಂಕಿಯಿಲ್ಲ. ನೀಲಗಿರಿಯ ಒದ್ದೆ ಹುಲ್ಲಿನಲ್ಲಿ ನಡೆದವರಿಗೆಲ್ಲ ಗೊತ್ತಿರುವ ಜಿಗಣೆಯಿದೆ.

ಇಲ್ಲಿ ಕನ್ನಡ ವಿಮರ್ಶೆಯ ಒಂದು ಅಭ್ಯಾಸ ಪರೀಕ್ಷೆಗೊಳಗಾಗುತ್ತದೆ. ಬಡಗ ಪಠ್ಯ ಎದುರಾದೊಡನೆ ಅದರಲ್ಲಿ ಕನ್ನಡವನ್ನು ಹುಡುಕುವುದು ಆ ಅಭ್ಯಾಸ. ಸಿಗುವುದೂ ಹೌದು. ಪಾಪ, ಕರು, ಬಸವ ಎಂಬ ಮಾತುಗಳು ಕನ್ನಡ ಕಿವಿಗೆ ನೇರವಾಗಿ ಇಳಿಯುತ್ತವೆ. ಹಳಗನ್ನಡದ ಪಕಾರ ಬಡಗದಲ್ಲಿ ಹಕಾರವಾಗಿದೆ. ಊರಿಗೆ ಅವರು ಹಟ್ಟಿ ಎನ್ನುತ್ತಾರೆ. ಕನ್ನಡದಲ್ಲಿ ಆ ಬದಲಾವಣೆ ನಡೆದ ಮೇಲೆಯೇ ಈ ನುಡಿ ಬೇರೆಯಾಯಿತೆಂದು ಊಹಿಸಲು ಇದು ಆಧಾರ, ವಲಸೆಯ ಕಾಲದ ಕಲ್ಪನೆಗೂ ಇದು ಹೊಂದುತ್ತದೆ. ಆದರೆ ಅದೇ ನುಡಿಯಲ್ಲಿ ಎಮೆನೊ 1939ರಲ್ಲಿ ವಿವರಿಸಿದ, ನಾಲಗೆಯನ್ನು ಹಿಂದಕ್ಕೆ ಮಡಿಸಿ ನುಡಿಯುವ ಸ್ವರಗಳಿವೆ. ಅಂಥವು ಬಯಲಿನ ಕನ್ನಡದಲ್ಲಿಲ್ಲ. ಸೇತುವೆಯ ವಿಷಯವೂ ಹೀಗೆಯೇ. ಬಸವನೆಂಬ ಹೆಸರನ್ನು ಹೊತ್ತ ಕರು ಬಯಲಿನ ಶೈವ ನೆನಪನ್ನು ತಂದಿದೆ. ನೂಲಿನ ಸೇತುವೆ ಬೆಟ್ಟದ ನೆರೆಯವರ ಪರಲೋಕಕ್ಕೆ ಕೈಚಾಚಿದೆ. ಯಾರು ಯಾರಿಂದ ಪಡೆದರು ಎಂದು ನಿರ್ಣಯಿಸುವುದಕ್ಕಿಂತ, ಎರಡೂ ಒಂದೇ ಉಸಿರಿನ ಪಠಣದಲ್ಲಿ ಕೂಡಿ ನಿಂತಿರುವುದನ್ನು ಗುರುತಿಸುವುದು ಮುಖ್ಯ. ಉತ್ತರದಿಂದ ಬಂದವರು ತಮ್ಮ ಬಸವನನ್ನು ಬಿಡದೆ, ಬಂದ ನೆಲದ ಸಾವಿನ ದಾರಿಯಲ್ಲಿ ನಡೆಯಲು ಸಿದ್ಧರಾದರು. ವಲಸೆಯ ಚರಿತ್ರೆ ಕಥೆಯಲ್ಲಿ ಓಟವಾಗಿ ಉಳಿದಿದ್ದರೆ, ವಿಧಿಯಲ್ಲಿ ನೆಲೆಯೂರಿದ್ದಾಗಿ ಉಳಿದಿದೆ.

ಈ ವ್ಯತ್ಯಾಸ ಪಂಡಿತರ ನಡುವಿನ ಸೂಕ್ಷ್ಮ ಚರ್ಚೆಯಷ್ಟೇ ಆಗಿ ಉಳಿಯುವುದಿಲ್ಲ. ಗೋವರನ ಸಂಕಲನದಲ್ಲಿ ದಾಸರ ಪದಗಳಿಂದ ತುಂಬಿದ ಕನ್ನಡ ಗೀತೆಗಳ ಅಧ್ಯಾಯವೂ ಬಡಗ ಗೀತೆಗಳ ಅಧ್ಯಾಯವೂ ಬೇರೆ ಬೇರೆಯಾಗಿವೆ. 2011ರ ಜನಗಣತಿಯಲ್ಲಿ ಬಡಗವನ್ನು ತಾಯ್ನುಡಿ ಎಂದು ಹೇಳಿದ 1.3 ಲಕ್ಷಕ್ಕೂ ಹೆಚ್ಚು ಜನರ ಸಂಖ್ಯೆ ಕನ್ನಡದ ಲೆಕ್ಕದೊಳಗೆ ಸೇರಿದೆ. ಆ ಜನ ಶಾಲೆಯಲ್ಲಿ ಕಲಿಯುವುದು ತಮಿಳನ್ನು ಅಥವಾ ಇಂಗ್ಲಿಷನ್ನು. ಎಣಿಕೆಗೆ ಕನ್ನಡ, ಓದಿಗೆ ತಮಿಳು, ಸಾವಿಗೆ ಬಡಗ ಎಂಬ ಈ ಹಂಚಿಕೆಯಲ್ಲಿ ಕೊನೆಯ ಸ್ಥಾನದಲ್ಲಿರುವ ನುಡಿಯ ಪಠ್ಯವನ್ನು ‘ಕನ್ನಡದ ಉಪಭಾಷೆಯ ಒಂದು ಜಾನಪದ ಮಾದರಿ’ ಎಂದು ಕರೆದು ಮುಂದೆ ಹೋಗುವುದು ಸುಲಭ. ಫ್ರೇಜರನಿಗೆ ಅದು ಬಲಿಪಶುವಿನ ಮಾದರಿಯಾದಂತೆ ಕನ್ನಡಕ್ಕೆ ಅದು ಕನ್ನಡದ ಮಾದರಿಯಾಗುತ್ತದೆ. ಎರಡು ಕಡೆಯೂ ಪಠ್ಯ ಬೇರೊಂದರ ಸಾಕ್ಷಿಯಾಗಿ ನಿಲ್ಲುತ್ತದೆ, ತಾನೇ ಮಾತಾಡುವುದಿಲ್ಲ.

ಈ ದೃಷ್ಟಿಯಿಂದ ಹಾಕಿಂಗ್ಸ್ 1988ರಲ್ಲಿ ಪ್ರಕಟಿಸಿದ ಬಡಗ ಗಾದೆ, ಪ್ರಾರ್ಥನೆ, ಶಕುನ, ಶಾಪಗಳ ಸಂಗ್ರಹವೂ, ಕ್ರಿಸ್ಟಿಯಾನ್ ಪಿಲೊ-ರೈಶೂರ್ ಅವರೊಡನೆ 1992ರಲ್ಲಿ ಹೊರತಂದ ಬಡಗ-ಇಂಗ್ಲಿಷ್ ನಿಘಂಟೂ ದೊಡ್ಡ ಹೆಜ್ಜೆಗಳು. ಇವೆರಡೂ ಇಂಗ್ಲಿಷಿಗೆ ದಾಟಿಸುವ ಸೇತುವೆಗಳು. ಕನ್ನಡದ ಓದುಗನೂ ಬಡಗದ ಓದುಗನೂ ನಡುವೆ ಇಂಗ್ಲಿಷನ್ನು ಬಳಸಿ ಒಬ್ಬರನ್ನೊಬ್ಬರು ತಲುಪಬೇಕಾಗಿರುವುದು ಮೋಯಾರಿನ ಈ ದಂಡೆಯಿಂದ ಆ ದಂಡೆಗೆ ಹೋಗಲು ಕಡಲನ್ನು ಸುತ್ತಿಬಂದಂತೆ.

5. ಕಟ್ಟುವ ಕೆಲಸ

ಕಲ್ಲಿನ ಸೇತುವೆಗೂ ನೂಲಿನ ಸೇತುವೆಗೂ ಇರುವ ಮುಖ್ಯ ವ್ಯತ್ಯಾಸ ಬಾಳಿಕೆಯದಲ್ಲ. ಕಲ್ಲು ಬಾಳುತ್ತದೆ, ನೂಲು ಹರಿಯುತ್ತದೆ ಎನ್ನುವುದು ಮೇಲುನೋಟದ ಮಾತು. ಹಂಪೆಯಲ್ಲಿ ಕಂಬಗಳು ಉಳಿದರೂ ಸೇತುವೆ ಉಳಿಯಲಿಲ್ಲ. ನಮ್ಮ ಕಾಲದಲ್ಲಿಯೂ ಅದೇ ಹೊಳೆಗೆ ತಳವಾರಘಟ್ಟದ ಬಳಿ ಕಟ್ಟತೊಡಗಿದ ಸೇತುವೆಯ ಕಥೆ ಬೇರೆಯಾಗಲಿಲ್ಲ. 1986ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಹಂಪೆ ಹೊಸ ಸೇತುವೆಗಳ ಕಾರಣದಿಂದ 1999ರಲ್ಲಿ ಅಪಾಯದ ಪಟ್ಟಿಗೆ ಸೇರಿತು, 2006ರಲ್ಲಿ ಅದರಿಂದ ಹೊರಬಂತು. 2009ರ ಜನವರಿಯಲ್ಲಿ ಕಟ್ಟುತ್ತಿದ್ದ ಸೇತುವೆಯೇ ಕುಸಿದು ಕಾರ್ಮಿಕರು ಸತ್ತರು. ಆನೆಗೊಂದಿಯ ಜನಕ್ಕೆ ಆಗಲೂ ಹರಿಗೋಲೇ ಗತಿಯಾಗಿತ್ತು. ಕಲ್ಲು, ಕಾಂಕ್ರೀಟುಗಳು ಒಮ್ಮೆ ಕಟ್ಟಿ ಮರೆಯಬಹುದಾದ ವಸ್ತುಗಳೆಂಬ ಭರವಸೆಯ ಮೇಲೆ ನಿಂತಿವೆ.

ನೂಲಿನ ಸೇತುವೆ ಆ ಭರವಸೆಯನ್ನು ಕೊಡುವುದಿಲ್ಲ. ಅದು ಗಟ್ಟಿಯಾಗಿದೆ ಎಂದು ವಿಧಿ ಎಲ್ಲಿಯೂ ಹೇಳುವುದಿಲ್ಲ, ಗಟ್ಟಿಯಾಗಲಿ ಎಂದು ಹಾರೈಸುತ್ತದೆ. ಪ್ರತಿ ಸಾವಿನಲ್ಲಿಯೂ ಅದನ್ನು ಹೊಸದಾಗಿ ಬಿಗಿಯಬೇಕು. ಬಿಗಿಯುವವರು ಪಟ್ಟಿ ನೆನಪಿರುವ ಹಿರಿಯನೂ ಓಗೊಡಲು ಬಲ್ಲ ಜನರೂ. ಇವರಲ್ಲಿ ಯಾರು ಇಲ್ಲದಿದ್ದರೂ ನೂಲು ಸಡಿಲ. ಒಬ್ಬೊಬ್ಬರಾಗಿ ದಾಟುವ ಸೇತುವೆಯನ್ನು ಎಲ್ಲರೂ ಕೂಡಿ ಕಟ್ಟುವ ಈ ಕಲ್ಪನೆ ಅರಸನ ಸೇತುವಿನಲ್ಲಿಲ್ಲ, ಅಂಬಿಗನ ಹರಿಗೋಲಿನಲ್ಲಿಯೂ ಇಲ್ಲ. ಕನ್ನಡದ ರೂಪಕಕೋಶಕ್ಕೆ ಬಡಗ ಕೊಟ್ಟ ಮೂರನೆಯ ದಾಟು ಇದು. ಅದನ್ನು ಸಾಲವಾಗಿ ಪಡೆದದ್ದೆಂದು ಒಪ್ಪಿಕೊಂಡರೆ ಕನ್ನಡಕ್ಕೆ ನಷ್ಟವೇನಿಲ್ಲ. ತನ್ನದೇ ಹಳೆಯ ಆಸ್ತಿಯೆಂದು ಬರೆದುಕೊಂಡರೆ ಕೊಟ್ಟವರ ಹೆಸರು ಅಳಿಯುತ್ತದೆ.

ಆದ್ದರಿಂದ ಮುಂದಿನ ಕೆಲಸ ಸ್ಪಷ್ಟವಿದೆ. ಈ ಪಠಣದ ಮುದ್ರಿತ ರೂಪಗಳು ಹೆಚ್ಚಾಗಿ ಹಿರಿಯನ ಮಾತನ್ನು ಕೊಡುತ್ತವೆ. ಜನರ ಓಗೊಡುವಿಕೆಯನ್ನು ಒಂದು ಸೂಚನೆಯಾಗಿ ಸಂಕ್ಷೇಪಿಸುತ್ತವೆ. ಸೇತುವೆ ಬಿಗಿಯುವುದು ಆ ಮರುದನಿಯಲ್ಲಿ ಎಂದಾದರೆ ಮುದ್ರಣ ಬಿಟ್ಟದ್ದು ಅಲಂಕಾರವನ್ನಲ್ಲ, ರಚನೆಯನ್ನೇ. ಪಠಣವನ್ನು ಅದರ ಎರಡೂ ದನಿಗಳೊಡನೆ, ಬಡಗದ ಸ್ವರಗಳು ಮಾಸದಂತಹ ಲಿಪಿಸಂಕೇತದಲ್ಲಿ, ನುಡಿಯುವವರ ಒಪ್ಪಿಗೆಯೊಂದಿಗೆ ದಾಖಲಿಸಬೇಕು. ಕನ್ನಡಕ್ಕೂ ತಮಿಳಿಗೂ ಅದನ್ನು ನೇರವಾಗಿ ಅನುವಾದಿಸಬೇಕು. ಅನುವಾದದ ಪಕ್ಕದಲ್ಲಿ ತೋದರ ನೂಲೂ ಇರಬೇಕು, ಪುರಂದರದಾಸರ ಹರಿಗೋಲೂ ಇರಬೇಕು.

ತೆಪ್ಪಕಾಡಿನ ಹೊಸ ಸೇತುವೆಯ ಮೇಲೆ ಮಸಿನಗುಡಿಗೆ ಹೋಗುವ ವಾಹನಗಳು ಕೆಲವೇ ಗಳಿಗೆಯಲ್ಲಿ ಹೊಳೆ ದಾಟಿ, ಕಲ್ಲಟ್ಟಿಯ 36 ತಿರುವುಗಳನ್ನು ಹತ್ತಿ ಉದಕಮಂಡಲ ಸೇರುತ್ತವೆ. ದಾಟಿದ್ದು ಯಾರ ಗಮನಕ್ಕೂ ಬರುವುದಿಲ್ಲ. ಒಳ್ಳೆಯ ಸೇತುವೆಯ ಗುಣವೇ ಅದು. ನುಡಿಗಳ ನಡುವಣ ಸೇತುವೆಗೆ ಮಾತ್ರ ಈ ಗುಣ ಒಪ್ಪುವುದಿಲ್ಲ. ಅಲ್ಲಿ ದಾಟುವವನ ಕಾಲಿಗೆ ನೂಲು ತಾಗುತ್ತಿರಬೇಕು, ಕೆಳಗೆ ಹೊಳೆ ಇದೆ ಎಂಬುದು ತಿಳಿದಿರಬೇಕು.